ಸತ್ತವರಿಗೆ ಮಾತ್ರ ಪರವಾನಗಿ

ಕುರ್ಚಿಯಲ್ಲಿದ್ದವನ ಉಸಿರು ಕ್ಷೀಣಿಸಿತು. ಗೋಡೆಯಿಂದ ಕೊಳವೆಯೊಂದು ಚಾಚಿ ಮೂಗಿಗೆ ಪ್ರತಿವಿಷ ಸಿಂಪಡಿಸಿತು. ಜೊತೆಗೇ ಹೆಂಗಸಿನ ದನಿ ಕೂಗಿತು: "ಏಳು ಮಗಾ!" ಅವನು ಕಣ್ಣು ಬಿಟ್ಟ.

ಮಂಗಳೂರು ಬಂದರಿನ ಈ ಯಂತ್ರಕೋಣೆಯ ಹೆಸರು ಉಸಿರುಗಾವಲು. ನಶೆಯ ಸೂಜಿ ಚುಚ್ಚಿಕೊಳ್ಳುವವರು ಬೀದಿಯಲ್ಲಿ ಸಾಯಬಾರದೆಂದು ಡಾ. ಮುಕುಂದ ಪ್ರಭು ರೂಪಿಸಿದ್ದು. ಗೊತ್ತಿದ್ದೂ ನಶೆಗೆ ಜಾಗ ಕೊಟ್ಟ ಮನುಷ್ಯ ಕಾನೂನಿನ ಕಣ್ಣಲ್ಲಿ ಅಪರಾಧಿ. ಯಂತ್ರ ಮನುಷ್ಯನಲ್ಲವಲ್ಲ! ಆ ಕಾಲಕ್ಕೆ ಯಂತ್ರಗಳು ಆಸ್ತಿ ಹೊಂದುವುದು ಮಾಮೂಲಾಗಿದ್ದರಿಂದ ಕೋಣೆಯನ್ನೂ ಅದರ ಹೆಸರಿಗೇ ಬರೆಸಿದ್ದರು. ಯಂತ್ರದ ಹುಸಿದನಿಗೆ ಯಾರೂ ಏಳುತ್ತಿರಲಿಲ್ಲವಾದ್ದರಿಂದ ದನಿ ಮಾತ್ರ ಬೆನೆಡಿಕ್ಟಾಬಾಯಿಯದು. ಅವಳ ಮಗ ಆಲ್ವಿನ್ ಬಸ್‌ಸ್ಟ್ಯಾಂಡಿನ ಶೌಚಾಲಯದಲ್ಲಿ, ಕರೆದೆಬ್ಬಿಸುವವರಿಲ್ಲದೆ ಸತ್ತಿದ್ದ.

ಸರ್ಕಾರಿ ವಕೀಲರು ಸುಮ್ಮನಿರುತ್ತಾರೆಯೇ? ದನಿ ಬದುಕಿರುವವಳದ್ದು, ಹಾಗಾಗಿ ಜಾಗ ಕೊಟ್ಟವಳೂ ಅವಳೇ ಎಂದು ವಾದಿಸಿದರು. ನ್ಯಾಯಾಲಯ ಒಪ್ಪಿತು. ಅವಳ ದನಿ ತೆಗೆದುಹಾಕದಿದ್ದರೆ ಕೋಣೆಗೆ ಬೀಗ; ಮುಂದೆ ಮನುಷ್ಯರು ಯಾರೇ ಅಲ್ಲಿ ನೆರವಾದರೂ ಯಂತ್ರವೇ ಪೊಲೀಸರಿಗೆ ತಿಳಿಸಬೇಕು.

"ಸತ್ತವರ ದನಿ ಆಗ್ತದಾ ಡಾಕ್ಟ್ರೇ?" ಬೆನೆಡಿಕ್ಟಾ ಕೇಳಿದಳು.

ಪ್ರಭು ತಡವರಿಸಿದರು. "ಸತ್ತವರ ಮೇಲೆ ಕೇಸು ಹಾಕ್ಲಿಕ್ಕೆ ಆಗುದಿಲ್ಲ. ಆದ್ರೆ ಬಾಯಿ, ನಿಮ್ಗೆ ತಡ್ಕೊಳ್ಲಿಕ್ಕೆ ಆಗ್ತದಾ?"

"ಆಗುದಿಲ್ಲ. ಆದ್ರೂ ಹಾಕಿ. ಇನ್ನೊಬ್ಬಳ ಮಗ ಹಾಗೆ ಹೋಗುದು ಬೇಡ ಮಾರಾಯ್ರೆ."

ಆಲ್ವಿನ್ ಫೋನಿನಲ್ಲಿ ಬಿಟ್ಟುಹೋಗಿದ್ದ ಮಾತುಗಳಿಂದ ಯಂತ್ರ ಅವನ ದನಿ ಕಲಿಯಿತು. ಕಾನೂನಿಗೆ ಸಮಾಧಾನವಾಯಿತು. ಸಾಯುವವರನ್ನು ಕಾಯಲು ಸತ್ತವರಿಗೆ ಮಾತ್ರ ಪರವಾನಗಿ, ಎಂಥ ಲೀಲೆ ನೋಡಿ!

ಒಂದು ಮಧ್ಯಾಹ್ನ ಕೋಣೆ ಖಾಲಿಯಿತ್ತು. ಬೆನೆಡಿಕ್ಟಾ ಒಳಹೊಕ್ಕು, ಬಾಗಿಲು ಹಾಕಿ, ಆ ಕುರ್ಚಿಯಲ್ಲಿ ಕುಳಿತು ಉಸಿರು ಬಿಗಿಹಿಡಿದಳು.

"ಏ, ಉಸಿರು ತೆಗಿ! ಕೇಳ್ತದಾ?"

ಆಲ್ವಿನ್! ಅವಳು ಉಸಿರಾಡಿದೊಡನೆ ದನಿ ನಿಂತಿತು. ಮತ್ತೆ ಬಿಗಿಹಿಡಿದಳು, ಮತ್ತೆ ಕರೆದ.

"ಅಕ್ಕಾ, ಜಾಗ ಬಿಡಿ, ಕೈ ನಡುಗ್ತಾ ಉಂಟು," ಹೊರಗೆ ಯಾರೋ ಬಾಗಿಲು ಬಡಿದರು.

ಇದ್ದದ್ದು ಒಂದೇ ಕುರ್ಚಿ. ಇನ್ನೊಂದೇ ಸಲ ಎಂದುಕೊಂಡಳು ಬೆನೆಡಿಕ್ಟಾ.

ಬಾಗಿಲು ತೆರೆದಾಗ, ಬಡಿದವನು ಹೊಸ್ತಿಲಲ್ಲಿ ಬಿದ್ದಿದ್ದ. ಸೂಜಿ ತೋಳಲ್ಲೇ ಇತ್ತು, ತುಟಿ ನೀಲಿಗಟ್ಟಿತ್ತು. "ಅಯ್ಯೋ ದೇವರೇ, ನಾನೇ ಕೊಂದೆನಲ್ಲ!" ಅವಳು ಅವನನ್ನು ದರದರನೆ ಎಳೆದು ಕುರ್ಚಿಗೆ ಹಾಕಿದಳು. ಕೊಳವೆ ಚಾಚಿತು. ಆಲ್ವಿನ್ ಕರೆದ, ತಾಯಿಯೂ ಕರೆದಳು. ಬಹಳ ಹೊತ್ತಿನ ಮೇಲೆ ಅವನು ಉಸಿರೆಳೆದುಕೊಂಡ.

ಆಗ ನ್ಯಾಯಾಲಯದ ಆದೇಶದಂತೆ ಯಂತ್ರ ಠಾಣೆಗೆ ಕರೆಮಾಡಿತು. "ಇಲ್ಲಿ ಒಬ್ಬರು ಮನುಷ್ಯರು ಇದ್ದಾರೆ, ಬೇಗ ಬನ್ನಿ," ಎಂದಿತು ಆಲ್ವಿನ್‌ನ ದನಿ. ಠಾಣೆಯವರು ಬಂದು ನಿಲ್ಲಿಸುವವರೆಗೂ ಅದು ಹಾಗೆ ಹೇಳುತ್ತಲೇ ಇರುತ್ತಿತ್ತು.

ಓಡಿಹೋಗಲು ಸಮಯವಿತ್ತು. ಬೆನೆಡಿಕ್ಟಾ ಓಡಲಿಲ್ಲ. ಪೊಲೀಸರು ಬರುವ ತನಕ ಮಗ ಮಾತಾಡುತ್ತಾನಲ್ಲ ಎಂದು ನೆಲದ ಮೇಲೆ ಕುಳಿತು ಕೇಳುತ್ತಿದ್ದಳು.