ತುಕ್ಕು ಬೋಲ್ಟುಗಳ ಪೆಟ್ಟಿಗೆ

ಹಿತ್ತಾಳೆ ಬರಬೇಕಿದ್ದ ಪೆಟ್ಟಿಗೆಯಿಂದ ತುಕ್ಕು ಹಿಡಿದ ಬೋಲ್ಟುಗಳು ಸುರಿದವು.

ಕ್ಯಾಂಟೀನಿನ ಮೇಜಿನ ಮೇಲೆ ಅವು ಉರುಳಿದ ಸದ್ದಿಗೆ ಎಲ್ಲರೂ ಊಟ ಬಿಟ್ಟು ತಿರುಗಿ ನೋಡಿದರು. ಹರ್ಷಿತಾ ಒಂದು ಕೈಯಲ್ಲಿ ಫೋನು ಹಿಡಿದು ವಿಡಿಯೊ ಮಾಡುತ್ತಿದ್ದಳು. ಟೇಪು ಕೊಯ್ಯಲೆಂದು ತೆಗೆದಿದ್ದ ಕಾರಿನ ಕೀಲಿಕೈ ಇನ್ನೊಂದು ಕೈಯಲ್ಲಿ ಹಾಗೇ ಉಳಿದಿತ್ತು. ಪೆಟ್ಟಿಗೆಯನ್ನು ಯಶವಂತನೇ ತೆರೆದುಕೊಟ್ಟಿದ್ದ.

"ಇದೇನ್ರೀ ಇದು? ನಾನು ಆರ್ಡರ್ ಮಾಡಿದ್ದು ಇದಲ್ವಲ್ಲ!" ಅವಳು ಪೆಟ್ಟಿಗೆಯೊಳಗೆ ಇಣುಕಿದಳು.

"ಮೋಸ! ಹಗಲು ದರೋಡೆ!" ಯಶವಂತ್ ಮೇಜು ಗುದ್ದಿದ. "ಮೇಲಿನ ಟೇಪ್ ನೋಡಿ, ಅಂಗಡಿ ಹೆಸರು ಪ್ರಿಂಟಾಗಿರೋ ಟೇಪು. ಒಂದು ಚೂರು ಹರಿದಿಲ್ಲ. ಅಲ್ಲಿಂದ್ಲೇ ಬೋಲ್ಟು ತುಂಬಿ ಕಳ್ಸಿದಾರೆ! ಮಧುಕರ್, ನೀವೇ ಹೇಳಿ, ಇದನ್ನ ಸುಮ್ನೆ ಬಿಡೋದಾ?"

ಬಿಡುವುದೆ? ನನಗೆ ಮೈಯೆಲ್ಲ ಉರಿಯಿತು. ನಾನು ಹೇಳಿಕೇಳಿ ಮುಂಗೋಪಿ. ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಈ ಔಷಧ ಕಾರ್ಖಾನೆಯಲ್ಲಿ ಮಾತ್ರೆ ತಯಾರಿಕೆ ನನ್ನ ಜವಾಬ್ದಾರಿ. ಯಂತ್ರ, ಜನರೇಟರುಗಳ ಇಂಜಿನಿಯರಿಂಗ್ ವಿಭಾಗ ಯಶವಂತನದು. ಹರ್ಷಿತಾ ಮಾರ್ಕೆಟಿಂಗ್ ನೋಡುತ್ತಾಳೆ. ಮೂವರೂ ಬೆಂಗಳೂರಿನ ಕಡೆಯವರು.

ಹರ್ಷಿತಾಗೂ ಯಶವಂತನಿಗೂ ಗುರಿ ಹೊಡೆಯುವ ಹುಚ್ಚು. ಇಬ್ಬರೂ ಒಂದೇ ಶೂಟಿಂಗ್ ಕ್ಲಬ್ಬಿನ ಸದಸ್ಯರು. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಕೋಶಗಳನ್ನು ಮತ್ತೆ ತುಂಬಿ ಬಳಸುವ ಅಭ್ಯಾಸ ಅವರಲ್ಲಿದೆ. ಅದಕ್ಕೆ ರೀಲೋಡಿಂಗ್ ಎನ್ನುತ್ತಾರಂತೆ. ಮದ್ದು ಗಿದ್ದು ಬೇಕಾದರೆ ಖುದ್ದಾಗಿ ಅಂಗಡಿಗೆ ಹೋಗಬೇಕು. ಖಾಲಿ ಕೋಶಗಳನ್ನು ಮಾತ್ರ ಲೈಸೆನ್ಸ್ ತೋರಿಸಿ ಆನ್‌ಲೈನಿನಲ್ಲಿ ತರಿಸಿಕೊಳ್ಳಬಹುದು. ಹರ್ಷಿತಾ ನೈರೋಬಿಯದೇ ಬಡಾವಣೆಯಾದ ಹರ್ಲಿಂಗ್‌ಹ್ಯಾಮ್‌ನ ಅಂಗಡಿಯೊಂದರಿಂದ ತರಿಸಿದ್ದಳು. ಮನೆಯಲ್ಲಿ ಹಗಲು ಯಾರೂ ಇರುವುದಿಲ್ಲವೆಂದು ಕಾರ್ಖಾನೆಯ ವಿಳಾಸ ಕೊಟ್ಟಿದ್ದಳು.

ಹೋದದ್ದು ಬರೀ ಹಿತ್ತಾಳೆಯಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಆದರೆ ಪ್ರತಿ ಕೋಶಕ್ಕೂ ಅವಳು ಲೆಕ್ಕ ಒಪ್ಪಿಸಬೇಕು. ಅಂಗಡಿಯ ಪ್ರಕಾರ ಮಾಲು ಅವಳಿಗೆ ತಲುಪಿದೆ. ಅವಳ ಹತ್ತಿರ ಇಲ್ಲವೆಂದರೆ ಅದರರ್ಥ ಏನು? ಯಾರಿಗೋ ಕದ್ದು ಮಾರಿದ್ದಾಳೆ! ಲೈಸೆನ್ಸ್ ಅಧಿಕಾರಿ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದ — ಶುಕ್ರವಾರ ಕೋಶಗಳೊಂದಿಗೆ ಬನ್ನಿ, ಇಲ್ಲವೇ ವಕೀಲರೊಂದಿಗೆ ಬನ್ನಿ. ಪೊಲೀಸ್ ಕೇಸು ಬಿದ್ದರೆ ವರ್ಕ್ ಪರ್ಮಿಟ್ ಉಳಿಯುತ್ತದೆಯೆ? ಇಷ್ಟು ವರ್ಷ ಈ ಊರಿನಲ್ಲಿ ಒಬ್ಬಳೇ ದುಡಿದು ಕಟ್ಟಿಕೊಂಡ ಬದುಕನ್ನು ಸೂಟ್‌ಕೇಸಿಗೆ ತುಂಬಿ ವಿಮಾನ ಹತ್ತಬೇಕಾಗುತ್ತಿತ್ತು.

"ಮರುದಿನ ಶನಿವಾರ ನಮ್ಮಿಬ್ಬರಿಗೂ ಕ್ಲಬ್ ಟೀಮಿನ ಸೆಲೆಕ್ಷನ್ ಬೇರೆ. ಪಾಪ, ಇವಳ ಗತಿ ಏನು?" ಎಂದು ಯಶವಂತ್ ಹಲ್ಲು ಕಡಿದ.

ಅಂಗಡಿಯವರ ಜೊತೆ ಜಗಳವಾಡುವ ಹೊಣೆಯನ್ನು ನಾನೇ ಹೊತ್ತುಕೊಂಡೆ. ದೇವರೇ, ಆ ಕಸ್ಟಮರ್ ಸರ್ವಿಸ್! ಚಾಟಿನಲ್ಲಿ ದೂರು ಬರೆದ ತಕ್ಷಣ ಉತ್ತರ ಬಂತು: "ನಿಮ್ಮ ಅಹವಾಲು ನಮಗೆ ಬಹಳ ಮುಖ್ಯ. ನಿಮ್ಮ ತಾಳ್ಮೆಗೆ ಧನ್ಯವಾದಗಳು." ಹಿತ್ತಾಳೆ ಎಲ್ಲಿ ಎಂದು ಕೇಳಿದೆ. ಅಹವಾಲು ಬಹಳ ಮುಖ್ಯವೆಂದಿತು. ನೀನು ಮನುಷ್ಯನೋ ಯಂತ್ರವೋ ಎಂದು ಕೇಳಿದೆ. ತಾಳ್ಮೆಗೆ ಧನ್ಯವಾದ ಹೇಳಿತು. ನನ್ನ ತಾಳ್ಮೆ ಇವರಪ್ಪನ ಮನೆ ಗಂಟಾ? ಫೋನು ಮಾಡಿದರೆ ಸಂಗೀತ ಹಾಕಿ ಕೂರಿಸಿದರು. ಕೊನೆಗೆ ಬಂದ ಮಾಲನ್ನು ತೂಕ ಮಾಡಿ ಫೋಟೊ ಕಳಿಸಿ ಎಂದರು. ನಮ್ಮ ಲ್ಯಾಬಿನ ತಕ್ಕಡಿಯಲ್ಲೇ ತೂಗಿ ಕಳಿಸಿದೆವು. ಉತ್ತರ ಬಂತು: "ನಾವು ಕಳಿಸಿದ ತೂಕಕ್ಕೂ ಇದಕ್ಕೂ ಒಂದು ಗ್ರಾಮಿನ ವ್ಯತ್ಯಾಸವೂ ಇಲ್ಲ. ದೂರು ಮುಕ್ತಾಯಗೊಂಡಿದೆ."

ಮುಕ್ತಾಯವಂತೆ! ಬೋಲ್ಟು ತೂಗಿ ಹಿತ್ತಾಳೆ ತಲುಪಿತು ಎನ್ನುವ ಈ ಭಂಡರಿಗೆ ಏನು ಹೇಳುವುದು?

"ನಮ್ಮ ಕನ್ನಡ ಸಂಘದ ವಾಟ್ಸಾಪ್ ಗ್ರೂಪಿಗೆ ಹಾಕಿದೀನಿ. ಈ ಕಳ್ಳರ ಅಂಗಡಿಗೆ ಯಾರೂ ಕಾಲಿಡಬೇಡಿ ಅಂತ. ನೀವೂ ಒಂದೇ ಸ್ಟಾರ್ ಕೊಡಿ, ಮಧುಕರ್. ಮುಖಕ್ಕೆ ಉಗಿದ ಹಾಗೆ ಬರೀರಿ" ಎಂದ ಯಶವಂತ್.

ಬರೆದೆ. ಚೆನ್ನಾಗಿಯೇ ಉಗಿದೆ.

ಆಗ ಬಂದವರು ಅನುರಾಧಾ. ನಮ್ಮ ಕಂಪನಿಯ ಮಾತ್ರೆಗಳ ಬಗ್ಗೆ ಹೊರಗಿನಿಂದ ಬರುವ ದೂರುಗಳನ್ನು ತನಿಖೆ ಮಾಡುವುದೇ ಅವರ ಕೆಲಸ. ಸ್ಟ್ರಿಪ್ಪಿನಲ್ಲಿ ಒಂದು ಮಾತ್ರೆ ಕಡಿಮೆ ಇತ್ತು ಎಂದು ದೂರದ ಕಿಸುಮು ಪಟ್ಟಣದಿಂದ ಯಾರಾದರೂ ಬರೆದರೆ, ತಪ್ಪು ಯಾವ ಯಂತ್ರದ ಮುಂದೆ ಆಯಿತೆಂದು ಕಂಡುಹಿಡಿಯುವ ಹೆಂಗಸು. ಅವರು ಕೂಗಾಡಿದ್ದನ್ನು ನಾನು ಕಂಡಿಲ್ಲ.

"ವಿಡಿಯೊ ತೋರ್ಸಮ್ಮ" ಎಂದರು ಹರ್ಷಿತಾಗೆ.

ಎರಡು ಸಲ ನೋಡಿದರು. ಬೋಲ್ಟುಗಳನ್ನು ಕೈಯಾಡಿಸಿ ನೋಡಿದರು. "ಮಧುಕರ್, ಹರ್ಲಿಂಗ್‌ಹ್ಯಾಮಿಗೆ ಹೋಗಿ ಬರೋಣ. ಗಾಡಿ ತೆಗೀರಿ."

"ಹೋಗಿ ಎರಡು ಬಿಗಿಯೋಣ ಅಂತೀರಾ?"

"ಕೇಳೋಣ ಅಂತೀನಿ."

ಲಾರಿಗಳ ಸಾಲಿನಲ್ಲಿ ಸಿಕ್ಕಿಹಾಕಿಕೊಂಡು, ಅಡ್ಡ ನುಗ್ಗುವ ಮಟಾಟು ವ್ಯಾನುಗಳನ್ನು ಶಪಿಸುತ್ತ ಅಂಗಡಿ ತಲುಪುವಷ್ಟರಲ್ಲಿ ನನ್ನ ಸಿಟ್ಟು ಇಮ್ಮಡಿಯಾಗಿತ್ತು. ಕಸ್ಟಮರ್ ಸರ್ವಿಸ್ ಮುಖ್ಯಸ್ಥ ಡೆಂಜಿಲ್ ಎಂಬಾತ ಹೊರಗೆ ಬಂದ. ಮಂಗಳೂರಿನವನು. ನನ್ನ ಹೆಸರು ಕೇಳಿದ್ದೇ ಅವನ ಮುಖ ಕೆಂಪಾಯಿತು.

"ಓ, ನೀವಾ ಆ ಮಧುಕರ? ನನ್ನ ಮನೆತನವನ್ನೆಲ್ಲ ಎಳೆದು ಬರೆದಿದ್ದೀರಲ್ಲ, ಎಂತ ಮಾತು ಮಾರಾಯ್ರೆ ಅದು? ನನ್ನ ಮಗಳು ಓದಿದಳು ಅದನ್ನು!"

"ಮತ್ತೆ? ಬೋಲ್ಟು ಕಳ್ಸಿದೋರಿಗೆ ಆರತಿ ಎತ್ತಬೇಕಾ?"

"ನಾವು ಬೋಲ್ಟು ಕಳಿಸಲಿಲ್ಲ!"

"ಪ್ಯಾಕ್ ಮಾಡೋದನ್ನ ಕ್ಯಾಮೆರಾದಲ್ಲಿ ಹಿಡೀತೀರಾ?" ಅನುರಾಧಾ ನಡುವೆ ಬಂದರು.

"ಹಿಡಿಯದೆ? ಬಂದೂಕಿನ ಅಂಗಡಿ ಇದು. ನೋಡಿ ಬೇಕಾದರೆ."

ನೋಡಿದೆವು. ಫಳಫಳ ಹೊಳೆಯುವ ಹಿತ್ತಾಳೆ ಪೆಟ್ಟಿಗೆಗೆ ಬಿತ್ತು. ಹುಡುಗಿಯೊಬ್ಬಳು ಹಲ್ಲಿನ ಅಂಚಿದ್ದ ಕಟ್ಟರಿನಿಂದ ಟೇಪು ಎಳೆದು, ಮೇಲೆ ಕೆಳಗೆ ಎರಡೂ ಕಡೆ ಒತ್ತಿ ಅಂಟಿಸಿ, ತೂಕಕ್ಕಿಟ್ಟಳು. ನನ್ನ ವಾದ ಬಿದ್ದುಹೋಯಿತು. ಆದರೂ ಬಿಡಲಿಲ್ಲ.

"ಇದು ಬೇರೆ ಪೆಟ್ಟಿಗೆ ಇರಬಹುದು. ಇಲ್ಲಾಂದ್ರೆ ದಾರೀಲಿ ಡೆಲಿವರಿ ಮಾಡೋ ಬೋಡಾ ಬೈಕಿನವನು ಕದ್ದಿರಬೇಕು!"

"ತೋರಿಸೋಕೆ ಇಷ್ಟು ಚೆನ್ನಾಗಿರೋ ವಿಡಿಯೊ ಇಟ್ಕೊಂಡು ದೂರನ್ನ ಯಾಕೆ ಮುಚ್ಚಿದ್ರಿ?" ಅನುರಾಧಾ ಡೆಂಜಿಲನನ್ನು ಕೇಳಿದರು.

ಅವನು ತಲೆ ತಗ್ಗಿಸಿದ. "ತೂಕ ಸರಿಯಿದ್ದರೆ ಕಂಪ್ಯೂಟರೇ ಮುಚ್ಚುತ್ತದೆ. ಅದು ನಮ್ಮದು ತಪ್ಪೇ, ಮೇಡಂ."

"ನಾಳೆ ಮಧ್ಯಾಹ್ನ ನಮ್ಮ ಕ್ಯಾಂಟೀನಿಗೆ ಬನ್ನಿ. ಈ ಟೇಪಿನ ಒಂದು ಸುರುಳಿ ತನ್ನಿ."

ವಾಪಸ್ ಬಂದ ಅನುರಾಧಾ ಗೇಟಿನ ಕಾವಲುಗಾರ ಮುಟುವಾನ ಹತ್ತಿರ ನಿಂತರು. ಪೆಟ್ಟಿಗೆ ಹಿಂದಿನ ಶುಕ್ರವಾರ ಬಂದಿತ್ತು. ಹರ್ಷಿತಾ ಟೂರಿನಲ್ಲಿದ್ದಳು. ಸೋಮವಾರ ಅವಳು ಬರುವ ತನಕ ಅದು ರಿಸೆಪ್ಶನ್ನಿನ ಕಪಾಟಿನಲ್ಲಿತ್ತು.

"ಭಾನುವಾರ ಒಳಗೆ ಯಾರು ಬಂದಿದ್ರು?"

"ಯಾರೂ ಇಲ್ಲ, ಅಮ್ಮಾ. ಫ್ಯಾಕ್ಟರಿ ರಜೆ. ಜನರೇಟರ್ ಸರ್ವಿಸಿಂಗಿನವರು ಮಾತ್ರ."

"ಅಸಾಂಟೆ" ಎಂದು ಅನುರಾಧಾ ನಡೆದರು. ಇದರಲ್ಲಿ ಏನು ಸಿಕ್ಕಿತೆಂದು ಇವರು ಧನ್ಯವಾದ ಹೇಳಿದರೋ ನನಗೆ ಹೊಳೆಯಲಿಲ್ಲ.

ಮರುದಿನ ಕ್ಯಾಂಟೀನಿನಲ್ಲಿ ನಾವು ಐವರು ಸೇರಿದೆವು. ಡೆಂಜಿಲನನ್ನು ಕಂಡೊಡನೆ ಯಶವಂತ್ ಎಗರಿದ. "ನಾಚಿಕೆ ಆಗಲ್ವೇನ್ರಿ ನಿಮಗೆ? ಒಂದು ಹೆಣ್ಣುಮಗಳ ಲೈಫ್ ಜೊತೆ ಆಟ ಆಡ್ತೀರಾ?"

"ಇರಿ, ಯಶವಂತ್" ಎಂದರು ಅನುರಾಧಾ. ಖಾಲಿ ಪೆಟ್ಟಿಗೆಯೊಂದನ್ನೂ ಟೇಪನ್ನೂ ಮುಂದಿಟ್ಟರು. "ಡೆಂಜಿಲ್, ಇದನ್ನ ಮುಚ್ಚಿ. ಮಧುಕರ್, ನೀವೂ ಒಂದನ್ನ ಮುಚ್ಚಿ."

ಡೆಂಜಿಲ್ ಟೇಪೆಳೆದು, ಕತ್ತರಿಸಿ, ಕೊನೆಯವರೆಗೂ ಒತ್ತಿದ. ನಾನೂ ಒತ್ತಿದೆ. ಆದರೆ ಕೊನೆಗೆ ಬಂದಾಗ ನನ್ನ ಬೆರಳು ತಾನಾಗಿ ಟೇಪಿನ ತುದಿಯನ್ನು ಒಳಕ್ಕೆ ಮಡಚಿ, ಹಿಡಿದೆಳೆಯಲು ಕಿವಿಯಂತೆ ಬಿಟ್ಟಿತು.

"ಯಾಕೆ ಮಡಚಿದ್ರಿ?"

"ಅಭ್ಯಾಸ ಕಣ್ರೀ. ಮಾತ್ರೆ ಇರೋ ಕಡೆ ಬ್ಲೇಡು, ಚಾಕು ತರೋ ಹಾಗಿಲ್ವಲ್ಲ. ಕೈಯಲ್ಲೇ ಎಳೆದು ತೆಗೀಬೇಕು. ಇಲ್ಲಿ ಎಲ್ಲರೂ ಹೀಗೇ ಮಾಡೋದು."

"ಹೌದು. ಇಲ್ಲಿ ಎಲ್ಲರೂ." ಅನುರಾಧಾ ಹರ್ಷಿತಾಳ ಫೋನನ್ನು ಮೇಜಿನ ನಡುವೆ ಇಟ್ಟರು. "ಈ ವಿಡಿಯೊನ ನೀವೆಲ್ಲ ಬೋಲ್ಟು ಸುರಿಯೋ ಜಾಗದಿಂದ ನೋಡಿದ್ರಿ. ನಾನು ಅದಕ್ಕಿಂತ ಮುಂಚೆ ನೋಡ್ದೆ."

ಪರದೆಯ ಮೇಲೆ ಹರ್ಷಿತಾ ಕೀಲಿಕೈಯನ್ನು ಮೇಲಿನ ಟೇಪಿಗೆ ತಂದಳು. "ಕೀ ಯಾಕೆ, ಕೊಡಿ ಇಲ್ಲಿ" ಎಂಬ ದನಿ. ಯಶವಂತನ ಕೈ ಪೆಟ್ಟಿಗೆಯನ್ನು ಎತ್ತಿ ತಲೆಕೆಳಗು ಮಾಡಿತು. ನೋಡದೆಯೇ ಒಂದು ಮೂಲೆಗೆ ಹೋಗಿ, ಮಡಚಿದ ಕಿವಿ ಹಿಡಿದು ಒಂದೇ ಎಳೆತಕ್ಕೆ ಟೇಪು ಕಿತ್ತಿತು. ಕಿತ್ತದ್ದನ್ನು ಉಂಡೆ ಮಾಡಿ ಜೇಬಿಗೆ ಹಾಕಿಕೊಂಡಿತು.

ಅನುರಾಧಾ ವಿಡಿಯೊ ನಿಲ್ಲಿಸಿದರು.

"ಅಂಗಡಿ ಟೇಪಿಗೆ ಕಿವಿ ಇರಲ್ಲ" ಎಂದರು ಅನುರಾಧಾ. "ಅಂದ್ರೆ ತಳಭಾಗವನ್ನ ಇಲ್ಲೇ, ನಮ್ಮವರೇ ತೆರೆದು ಮತ್ತೆ ಮುಚ್ಚಿದಾರೆ. ಮೇಲಿನ ಸೀಲು ಮುಟ್ಟದೆ ಬಿಟ್ಟಿದ್ದು ಯಾಕೆ? ತಪ್ಪು ಅಂಗಡಿ ತಲೆ ಮೇಲೆ ಬರಲಿ ಅಂತ. ಆ ಕಿವಿ ತಳದಲ್ಲಿದೆ, ಯಾವ ಮೂಲೇಲಿದೆ ಅಂತ ನಿಮಗೆ ಹೇಗೆ ಗೊತ್ತಿತ್ತು, ಯಶವಂತ್?"

"ಅದು... ಅಂದಾಜಿಗೆ..."

"ಅಂದಾಜು! ಆ ತೂಕ ಅಂದಾಜಿನದಾ? ಬೀದಿ ಕಳ್ಳ ಆಗಿದ್ರೆ ಕೈಗೆ ಸಿಕ್ಕಷ್ಟು ತುಂಬ್ತಿದ್ದ. ಈ ತುಕ್ಕು ಬೋಲ್ಟುಗಳ ಮಧ್ಯೆ ನೋಡಿ, ಹೊಚ್ಚ ಹೊಸ ಪುಟ್ಟ ವಾಷರುಗಳು. ಗ್ರಾಮು ಸರಿದೂಗಿಸೋಕೆ ಒಂದೊಂದಾಗಿ ಹಾಕಿದಾರೆ. ಮಾತ್ರೆ ಫ್ಯಾಕ್ಟರಿಯವನು ಕಳ್ಳತನ ಮಾಡಿದ್ರೂ ತೂಕ ತಪ್ಪಿಸಲ್ಲ. ಭಾನುವಾರ ಇಲ್ಲಿಗೆ ಬಂದಿದ್ದು ಜನರೇಟರಿನವರು ಮಾತ್ರ. ಅವರ ಜೊತೆ ನಿಂತು ಕೆಲಸ ಮಾಡಿಸೋರು ನೀವು. ಟೀಮಲ್ಲಿ ಉಳಿದಿರೋದು ಎಷ್ಟು ಜಾಗ, ಹರ್ಷಿತಾ?"

"ಒಂದೇ" ಎಂದಳು ಹರ್ಷಿತಾ. ಅವಳು ಯಶವಂತನ ಮುಖವನ್ನೇ ನೋಡುತ್ತಿದ್ದಳು. "ಆ ಕ್ಲಬ್ಬಿಗೆ ನನ್ನನ್ನ ಸೇರಿಸಿದ್ದೇ ನೀವು."

ಅವನು ಬೆವರೊರೆಸಿಕೊಂಡ. "ಸೆಲೆಕ್ಷನ್ ಮುಗಿದ ಮೇಲೆ ವಾಪಸ್ ಇಡ್ತಿದ್ದೆ. ನಿಜವಾಗ್ಲೂ. ಅದು ಇಷ್ಟು ದೂರ ಹೋಗುತ್ತೆ ಅಂತ..."

"ಶುಕ್ರವಾರ ನನ್ನ ಲೈಸೆನ್ಸ್ ಹೋಗೋದು ಗೊತ್ತಿರಲಿಲ್ವಾ?"

ಅವನು ಮುಖ ತಿರುಗಿಸಿದ. ಗೊತ್ತಿತ್ತು! ಅದೇ ನಿಯಮ ಅವನಿಗೂ ಉಂಟಲ್ಲ! ನನಗೆ ರಕ್ತ ಕುದಿಯಿತು. ಇಷ್ಟು ದಿನ ನಮ್ಮೆಲ್ಲರಿಗಿಂತ ಜೋರಾಗಿ ಕೂಗಿದವನು, ಮೇಜು ಗುದ್ದಿದವನು, ಸಂಘದ ಗುಂಪಿನಲ್ಲಿ ನ್ಯಾಯ ಕೇಳಿದವನು! ಪಾಪ, ಇವಳ ಗತಿ ಏನು ಎಂದು ಹಲ್ಲು ಕಡಿದವನು! ಕೊರಳಪಟ್ಟಿ ಹಿಡಿಯಲು ಎದ್ದೆ. ಡೆಂಜಿಲ್ ನನ್ನನ್ನು ಹಿಡಿದು ಕೂರಿಸಿದ.

"ಬೇಡ ಮಾರಾಯ್ರೆ. ನಿಮ್ಮದು ಬರೆಯುವ ಕೈ, ಅದನ್ನು ಹಾಳು ಮಾಡಿಕೊಳ್ಳಬೇಡಿ."

ಯಶವಂತ್ ಬಿಡಿಭಾಗಗಳ ಕಪಾಟಿನ ಕೀಲಿಕೈಯನ್ನು ಮೇಜಿನ ಮೇಲಿಟ್ಟ. ಹಳೆಯ ಪಂಪಿನ ಹಿಂದೆ, ಗೋಣಿಚೀಲದಲ್ಲಿ, ಹಿತ್ತಾಳೆ ಕೋಶಗಳು ಒಂದೂ ಕಳೆಯದೆ ಸಿಕ್ಕವು.

ನಾನು ಬರೆದದ್ದನ್ನೆಲ್ಲ ಅಲ್ಲಿಯೇ ಅಳಿಸಿ, ಡೆಂಜಿಲನ ಕೈ ಹಿಡಿದು ತಪ್ಪಾಯಿತು ಎಂದೆ. ಆದರೂ ಆ ದೂರನ್ನು ಮುಚ್ಚಿದ್ದು ಅನ್ಯಾಯವೇ ಎಂದು ಹೇಳದೆ ಬಿಡಲಿಲ್ಲ. ಅವನೂ ಒಪ್ಪಿದ.

ಶುಕ್ರವಾರ ಅಧಿಕಾರಿ ಕೋಶಗಳನ್ನು ಎಣಿಸಿ ನೋಡಿ, ಹರ್ಷಿತಾಳ ಹೇಳಿಕೆ ಬರೆದುಕೊಂಡು, ಲೈಸೆನ್ಸನ್ನು ಅವಳ ಕೈಗೆ ಹಿಂತಿರುಗಿಸಿದ. ಯಶವಂತನ ಮೇಲಿನ ಕಳವಿನ ದೂರಿಗೂ ಅವಳು ಅಲ್ಲಿಯೇ ಸಹಿ ಹಾಕಿದಳು. ಶನಿವಾರ ಅವಳು ಗುರಿ ಹೊಡೆಯುವುದನ್ನು ನೋಡಲು ನಾನು, ಅನುರಾಧಾ ಹೋಗಿದ್ದೆವು. ಟೀಮಿನಲ್ಲಿ ಉಳಿದಿದ್ದ ಜಾಗ ಅವಳಿಗೇ ಸಿಕ್ಕಿತು.

ನಾವು ಚಹಾ ಕುಡಿಯುತ್ತಿದ್ದಾಗ ಅವಳ ಫೋನು ಗುಂಯ್‌ಗುಟ್ಟಿತು. ಯಶವಂತ್. ಉದ್ದನೆಯ ಮೆಸೇಜು. ಪೊಲೀಸರು ಕರೆದಿದ್ದಾರೆ, ಪರ್ಮಿಟ್ ಹೋಗುತ್ತದೆ, ಮಕ್ಕಳ ಸ್ಕೂಲು ಅರ್ಧಕ್ಕೆ ನಿಲ್ಲುತ್ತದೆ, ಒಂದೇ ಊರಿನವರು ನಾವು, ದಯವಿಟ್ಟು ದೂರು ವಾಪಸ್ ತಗೊಳ್ಳಿ.

ಹರ್ಷಿತಾ ಪೂರ್ತಿ ಓದಿದಳು. ನಮಗೂ ತೋರಿಸಿದಳು. ಒಂದು ಗುಟುಕು ಚಹಾ ಕುಡಿದು ಉತ್ತರ ಬರೆದಳು:

"ನಿಮ್ಮ ಅಹವಾಲು ನಮಗೆ ಬಹಳ ಮುಖ್ಯ. ನಿಮ್ಮ ತಾಳ್ಮೆಗೆ ಧನ್ಯವಾದಗಳು."