ಮಾವಯ್ಯನೆಂಬ ಆಮೆಯೂ ಪೆಟ್ಟಿಗೆಯೊಳಗಿನ ಬಿಸಿಲೂ

ಈ ಕತೆಯನ್ನು ಹೇಳಿದ್ದು ಸಾಕ್ಷಾತ್ ಒಂದು ಆಮೆ. ನನ್ನ ಹೆಗಲ ಮೇಲೆ ಕೈಯಿಟ್ಟು, ಕಣ್ಣೊರೆಸಿಕೊಂಡು ಹೇಳಿತು. ಸುಳ್ಳು! ಆಮೆ ಎಲ್ಲಾದರೂ ಮಾತಾಡುತ್ತದೆಯೇ? ಮಾತಾಡುತ್ತಿದ್ದರೆ ಈ ಕತೆಯ ಹಾಲಪ್ಪ ಅಷ್ಟು ಒಂಟಿಯಾಗಿರುತ್ತಿರಲಿಲ್ಲ.

ಬಹಳ ಹಿಂದೆ, ನಕ್ಷತ್ರಗಳು ಇನ್ನೂ ಕೈಗೆಟುಕುವಷ್ಟು ತಗ್ಗಿನಲ್ಲಿದ್ದ ಕಾಲದಲ್ಲಿ, ಮಿಣುಕಾವತಿ ಎಂಬ ರಾಜ್ಯವಿತ್ತು. ಜಡೆಭೈರನೆಂಬ ಮಾಂತ್ರಿಕ ಅಲ್ಲಿನ ಬಿಸಿಲನ್ನೆಲ್ಲ ಚಾಪೆಯಂತೆ ಸುತ್ತಿ, ತಾಮ್ರದ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದ. ಕತ್ತಲಾಯಿತು. ಜನ ದೀಪ ಹಚ್ಚಿದರು. ತಮ್ಮ ದೀಪದ ಬೆಳಕು ಪಕ್ಕದ ಮನೆಗೆ ಸೋರೀತೆಂದು ಕದ ಹಾಕಿದರು, ಕಿಟಕಿಗೆ ಗೋಣಿ ಹೊದಿಸಿದರು. ಆಮೇಲೆ ಒಬ್ಬರನ್ನೊಬ್ಬರು ಕರೆಯುವುದೂ ನಿಂತುಹೋಯಿತು.

ಅದೇ ರಾಜ್ಯದ ಹಾಲಪ್ಪನಿಗೆ ಹಿಂದುಮುಂದು ಯಾರೂ ಇರಲಿಲ್ಲ. ಕಲ್ಲುಬಾನಿಯಲ್ಲಿ ಒಂದು ನೀರಾಮೆ ಇತ್ತು, ಅಷ್ಟೇ. ಬೀಗರ ಮನೆಗೆ ಬಂದ ಹಿರಿಯನಂತೆ ಬಿಗಿದುಕೊಂಡು ಕೂರುತ್ತಿದ್ದ ಅದಕ್ಕೆ ಮಾವಯ್ಯ ಎಂದು ಹೆಸರಿಟ್ಟಿದ್ದ. "ಮಾವಯ್ಯ, ಊಟ ಆಯ್ತಾ?" ಎಂದು ತಾನೇ ಕೇಳುತ್ತಿದ್ದ. "ಆಯ್ತು ಕಣಪ್ಪ" ಎಂದು ದನಿ ದಪ್ಪ ಮಾಡಿ ತಾನೇ ಹೇಳುತ್ತಿದ್ದ. ಇಡೀ ದಿನದಲ್ಲಿ ಆ ಮನೆಯ ಮಾತುಕತೆ ಅದೊಂದೇ.

ಬಿಸಿಲಿಲ್ಲದೆ ಮಾವಯ್ಯನ ಚಿಪ್ಪು ಮೆತ್ತಗಾಯಿತು. ಬೆರಳಿಟ್ಟರೆ ನೆನೆದ ಹಪ್ಪಳದಂತೆ ತಗ್ಗುತ್ತಿತ್ತು. ಒಂದು ದಿನ "ಊಟ ಆಯ್ತಾ?" ಎಂದು ಕೇಳಿದ ಹಾಲಪ್ಪನಿಗೆ ಉತ್ತರದ ದನಿ ಹೊರಡಲೇ ಇಲ್ಲ. ಆಮೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಮಾಂತ್ರಿಕನ ಕೋಟೆಗೆ ನಡೆದ. ದಾರಿಯ ಮನೆಗಳ ಕದ ತಟ್ಟಿ, ಜೊತೆಗೆ ಬನ್ನಿ ಎಂದ. ಒಳಗೆ ದೀಪ ಆರಿತು, ಕದ ತೆರೆಯಲಿಲ್ಲ.

"ಒಂದು ಬೊಗಸೆ ಬಿಸಿಲು ಕೊಡಿ ಸ್ವಾಮಿ. ನನ್ನ ಆಮೆ ಸಾಯ್ತಿದೆ."

ಜಡೆಭೈರ ಗಹಗಹಿಸಿ ನಗಬೇಕಿತ್ತು, ಮಾಂತ್ರಿಕರ ಪದ್ಧತಿ ಅದು. ಅವನು ನಗಲಿಲ್ಲ. "ನಿನಗೆ ಆಮೆ ಸಾಕೋದು ಗೊತ್ತಾ?" ಎಂದು ಹತ್ತಿರ ಬಂದ.

ಒಳಗೆ ಗಾಡಿಚಕ್ರದಷ್ಟು ದೊಡ್ಡ ನೀರಾಮೆ ರೇಷ್ಮೆ ಹಾಸಿಗೆಯ ಮೇಲೆ ಬಿದ್ದಿತ್ತು. ಚಿಪ್ಪಿನ ತುಂಬ ಎಣ್ಣೆ, ಅರಿಶಿನ, ಕುಂಕುಮ. ಮುಂದೆ ಚಿನ್ನದ ತಟ್ಟೆಯಲ್ಲಿ ತುಪ್ಪದ ಹೋಳಿಗೆ.

"ನನ್ನ ಜೀವ ಇದರೊಳಗಿದೆ. ದೇವರ ಹಾಗೆ ಪೂಜೆ ಮಾಡಿದೀನಿ, ಆದರೂ ಸೊರಗ್ತಿದೆ. ಇದು ಉಣ್ಣಬೇಕು, ಕಣ್ಣು ಬಿಡಬೇಕು, ಚಿಪ್ಪು ಗಟ್ಟಿಯಾಗಬೇಕು. ಮೂರೂ ಆದರೆ ನಿನಗೆ ಬಿಸಿಲು. ಒಂದು ತಪ್ಪಿದರೂ ನೀನು ಕಲ್ಲು."

"ಮೊದಲು ಪೂಜೆ ನಿಲ್ಲಿಸಿ ಸ್ವಾಮಿ. ನೀರು ತರಿಸಿ."

ಹಾಲಪ್ಪ ದೊಡ್ಡ ಕೊಪ್ಪರಿಗೆಗೆ ನೀರು ತುಂಬಿಸಿ ಎರಡು ಆಮೆಗಳನ್ನೂ ಇಳಿಸಿದ. ಹೋಳಿಗೆಯನ್ನು ತಾನೇ ತಿಂದ, ಹಸಿದಿದ್ದ, ಪಾಪ. ಬಸವನಹುಳು, ಚಿಕ್ಕ ಮೀನು, ಕೆರೆಯ ಸೊಪ್ಪನ್ನು ನೀರಿಗೆ ಹಾಕಿದ. "ನೀರಾಮೆ ನೀರಲ್ಲೇ ನುಂಗೋದು. ಹಾಸಿಗೆ ಮೇಲೆ ಬಡಿಸಿದರೆ ಗಂಟಲಲ್ಲಿ ಇಳಿಯಲ್ಲ." ದೊಡ್ಡಾಮೆ ಉಂಡಿತು.

ಎರಡನೆಯ ಷರತ್ತಿಗೆ, ದೊಡ್ಡಾಮೆಯ ಎಣ್ಣೆ ಅರಿಶಿನವನ್ನೆಲ್ಲ ಉಜ್ಜಿ ತೊಳೆದ. ನೀರು ಗಬ್ಬೆದ್ದಾಗಲೆಲ್ಲ ಚೆಲ್ಲಿ ಹೊಸದು ಹೊತ್ತು ತಂದ. ಅಂಗೈಯಲ್ಲಿ ಬೊಬ್ಬೆ ಎದ್ದವು. ರೆಪ್ಪೆಯ ಊತ ಇಳಿದು ಆಮೆ ಕಣ್ಣು ಬಿಟ್ಟಿತು.

ಮಾಂತ್ರಿಕ ತೂಕಡಿಸುತ್ತಿದ್ದಾಗ ಬಾಗಿಲು ಕಾಯುತ್ತಿದ್ದ ಎರಡು ತಲೆಯ ನರಿ ಒಳಗೆ ಬಂತು. ಆಮೆ ಮಾತಾಡದಿದ್ದರೇನು, ನರಿ ಮಾತಾಡುತ್ತದೆ.

"ಲೋ, ಇವನ ಜೀವ ಅದರೊಳಗಿದೆಯಲ್ಲ, ಕಲ್ಲೆತ್ತಿ ಹಾಕೋ!" ಎಂದಿತು ಒಂದು ತಲೆ.

"ರಾಜ ನಿನಗೆ ಮಗಳನ್ನೇ ಕೊಡ್ತಾನೆ" ಎಂದಿತು ಇನ್ನೊಂದು.

ಹಾಲಪ್ಪ ದೊಡ್ಡಾಮೆಯನ್ನು ನೋಡಿದ. ಅದರ ಕಣ್ಣು ಮಾವಯ್ಯನ ಕಣ್ಣಿನ ಹಾಗೇ ಇತ್ತು. ಅವನು ಕಲ್ಲೆತ್ತಿದ. ತಂದು ಕೊಪ್ಪರಿಗೆಯೊಳಗೆ ಮೆಲ್ಲಗೆ ಇಟ್ಟ, ಆಮೆಗಳು ಹತ್ತಿ ಮೈ ಒಣಗಿಸಿಕೊಳ್ಳಲಿ ಎಂದು.

"ದಡ್ಡ" ಎಂದವು ಎರಡೂ ತಲೆ.

ಉಳಿದದ್ದು ಚಿಪ್ಪು. "ಇದಕ್ಕೆ ಬಿಸಿಲೇ ಆಗಬೇಕು ಸ್ವಾಮಿ. ಪೆಟ್ಟಿಗೆ ತೆಗೀರಿ."

"ತೆಗೆದರೆ ಹಾರಿಹೋಗುತ್ತೆ!"

"ತೆಗೀದಿದ್ರೆ ಎರಡು ಆಮೆನೂ ಹೋಗ್ತವೆ. ನಿಮ್ದೂ, ನಂದೂ. ಅಷ್ಟಕ್ಕೂ ಬಿಸಿಲು ಯಾಕೆ ಕದ್ದಿರಿ?"

ಜಡೆಭೈರ ಪೆಟ್ಟಿಗೆಯ ಪಕ್ಕ ಕುಕ್ಕರಿಸಿದ. "ಬೆಳಕಿದ್ದರೆ ನನ್ನ ಜೀವ ಎಲ್ಲಿದೆ ಅಂತ ಯಾರಾದರೂ ಕಂಡುಹಿಡೀತಾರೆ ಅಂತ ಹೆದರಿದೆ. ಆಮೇಲೆ ಯಾರೂ ಈ ಕಡೆ ಬರಲೇ ಇಲ್ಲ ಕಣೋ."

ಬೀಗ ತೆಗೆದ. ಬಿಸಿಲು ಉರುಳಿಕೊಂಡು ಕೋಟೆ ದಾಟಿ, ಕೇರಿ ದಾಟಿ, ಗುಡ್ಡದ ತುದಿಯವರೆಗೂ ಹಾಸಿಕೊಂಡಿತು. ಮಾಂತ್ರಿಕನ ಮಂತ್ರವೆಲ್ಲ ಕರ್ಪೂರದಂತೆ ಹಾರಿಹೋಗಿ, ಕಣ್ಣು ಕಿರಿದು ಮಾಡಿಕೊಂಡ ಬಿಳಿಗೂದಲ ಮುದುಕನೊಬ್ಬ ಉಳಿದ. ನರಿ ಎರಡು ನರಿಯಾಗಿ, ಜಗಳವಾಡುತ್ತ ಕಾಡಿಗೆ ಓಡಿತು. ಕಲ್ಲಿನ ಮೇಲೆ ಮಾವಯ್ಯ ಕತ್ತು ಚಾಚಿ, ಹಿಂಗಾಲುಗಳನ್ನು ಉದ್ದಕ್ಕೆ ನೀಡಿ, ಬಿಸಿಲಿಗೆ ಮೈಯೊಡ್ಡಿದ.

ದಿನ ಕಳೆದಂತೆ ಎರಡು ಚಿಪ್ಪೂ ಗಟ್ಟಿಯಾದವು. "ದಿನಾ ನೀರು ಬದಲಾಯಿಸು ಅಜ್ಜ" ಎಂದು ಹೇಳಿ ಹಾಲಪ್ಪ ಮಾವಯ್ಯನನ್ನೆತ್ತಿಕೊಂಡು ಮನೆಗೆ ಬಂದ. ಬೀದಿಯ ಕದಗಳೆಲ್ಲ ತೆರೆದಿದ್ದವು. ಪಕ್ಕದ ಮನೆಯ ಸಂಕವ್ವ ಜಗಲಿಗೆ ಬಂದು ಕೂತು, "ಏನ್ಲಾ, ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ?" ಎಂದು ಶುರುಮಾಡಿದವಳು ಸೊಸೆಯ ಅಡುಗೆ, ಮೊಮ್ಮಗನ ಹಲ್ಲು, ತನ್ನ ಮಂಡಿನೋವು ಎಂದು ಮುಗಿಸಲೇ ಇಲ್ಲ. ಹಾಲಪ್ಪನಿಗೆ ಒಂದು ಮಾತು ಆಡಲೂ ಸಂದು ಸಿಗಲಿಲ್ಲ. ಅವನು ಕಣ್ಣು ತುಂಬಿಕೊಂಡು ಕೇಳುತ್ತ ಕೂತ.

ಹೀಗೆ ಎಲ್ಲರೂ ಸುಖವಾಗಿದ್ದರು, ನಾವೂ ನೀವೂ ಇಲ್ಲಿ ಬಾಯಾರಿ ಕೂತಿದ್ದೇವೆ. ನನ್ನ ಈ ಟೀ ದುಡ್ಡು ನೀವೇ ಕೊಟ್ಟುಬಿಡಿ ಸ್ವಾಮಿ, ಜೇಬು ಮನೇಲಿ ಮರೆತು ಬಂದಿದೀನಿ.