ಹೂವಿನಷ್ಟು ಹಗುರ ಸ್ಟೆಪ್ನಿ

ಪೆಟ್ರೋಲ್ ಉಳಿಯಲೆಂದು ಗಂಡ ಪ್ರಭುರಾಜ ಕಾರಿನ ಸ್ಟೆಪ್ನಿಯನ್ನು ಕೊಪ್ಪಳದ ಮನೆಯಲ್ಲೇ ಇಳಿಸಿದ್ದರು. ಬೇವೂರಿನಲ್ಲಿ ಅಣ್ಣನ ಮಗಳಿಗೆ ಹೆಸರಿಡುವ ದಿನ. ಸೋದರತ್ತೆಯಾದ ನಾನೇ ಹೆಸರು ಕೂಗಬೇಕು. ನಗುನಗುತ್ತ ಹೊರಟವರ ಟೈರು ನಡುದಾರಿಯಲ್ಲಿ ಪಂಕ್ಚರ್ ಆಯಿತು.

ನೀರಿನ ಬಾಟಲಿಗೆಂದು ಡಿಕ್ಕಿ ತೆರೆದೆ.

"ರೀ, ಸ್ಟೆಪ್ನಿ ಇಲ್ಲೇ ಐತಲ್ರಿ!"

"ಹುಚ್ಚಿ, ನಾನ ಇಳಿಸೀನಿ," ಎನ್ನುತ್ತ ಬಂದವರು ಬಾಯಿ ತೆರೆದು ನಿಂತರು.

ಉರಿಬಿಸಿಲಲ್ಲೂ ಆ ಟೈರು ಬಾವಿನೀರಿನಂತೆ ತಣ್ಣಗಿತ್ತು. ಒಂದೇ ಕೈಯಲ್ಲಿ ಎತ್ತಿದೆ, ಹೂವಿನಷ್ಟು ಹಗುರ. ಇಬ್ಬರಿಗೂ ಮೈ ಜುಮ್ಮೆಂದಿತು, ನಗುವೂ ಬಂತು. ಅದನ್ನೇ ಹಾಕಿಕೊಂಡು ಹೊತ್ತಿಗೆ ಸರಿಯಾಗಿ ತಲುಪಿದೆವು. ಕೂಸಿನ ಕಿವಿಯಲ್ಲಿ "ಅಮೃತಾ" ಎಂದು ಕೂಗಿದೆ. ವಾಡಿಕೆಯಂತೆ ಹೆಂಗಸರೆಲ್ಲ ನನ್ನ ಬೆನ್ನಿಗೆ ಗುದ್ದಿ ನಕ್ಕರು.

ಮರುದಿನ ಪಂಕ್ಚರ್ ಅಂಗಡಿಯ ಹೇಮಪ್ಪ ಆ ಸ್ಟೆಪ್ನಿಯ ವಾಲ್ವ್ ಬಿಚ್ಚಿ ಕಿವಿಯಿಟ್ಟು ಕೇಳಿದ.

"ಅಕ್ಕಾರ, ಇದರಾಗ ಗಾಳಿನ ಇಲ್ಲಲ್ರಿ," ಎಂದ.

ಟೈರು ಮಾತ್ರ ಕಲ್ಲಿನಂತೆ ಗಟ್ಟಿಯಾಗಿತ್ತು.